ದೊಡ್ಡಮ್ಮನ ಕಳ್ಳಾಟಗಳು

ನನ್ನ ದೊಡ್ಡಮ್ಮನ ಮೇಲೆ ಊರಿನ ಮಕ್ಕಳು ಇದುವರೆಗೆ ಪಂಚಾಯತಿಗೆ ದೂರು ಕೊಟ್ಟಿಲ್ಲವಾದರೆ ಅದಕ್ಕೆ ಒಂದೇ ಕಾರಣ: ಅವರಿಗೆ ಇನ್ನೂ ಅರ್ಜಿ ಬರೆಯಲು ಬರುವುದಿಲ್ಲ. ಬರೆಯಲು ಬರುವ ವಯಸ್ಸಾಗುವಷ್ಟರಲ್ಲಿ ಅವರು ಆಟ ಬಿಟ್ಟಿರುತ್ತಾರೆ, ದೂರೂ ಮರೆತುಹೋಗಿರುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ದೊಡ್ಡಮ್ಮ ಪಾರಾಗುತ್ತಲೇ ಬಂದಿದ್ದಾರೆ!

ಅವರಿಗೆ ಈಗ ಅರುವತ್ತೆಂಟು. ಸವಣೂರಿನ ಹತ್ತಿರ ಒಂದು ಸಣ್ಣ ಹಂಚಿನ ಮನೆ, ಎದುರು ಅಂಗಳ, ಜಗಲಿಯಲ್ಲಿ ಬೀಡಿ ಕಟ್ಟುವ ತಡ್ಪೆ. ಆ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ಸುರುಟಿ, ನೂಲು ಸುತ್ತುವುದು ಅವರ ಐವತ್ತು ವರ್ಷಗಳ ಕಸುಬು. ಇಷ್ಟು ಹೇಳಿದರೆ ನಮ್ಮ ಕಡೆಯ ಸಾವಿರಾರು ಹೆಂಗಸರಲ್ಲಿ ಅವರೂ ಒಬ್ಬರು ಅನ್ನಿಸಬಹುದು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮಕ್ಕಳು ಬಂದು ಗೇಟು ತಳ್ಳುವವರೆಗೆ ಅದು ನಿಜವೂ ಹೌದು.

ದೊಡ್ಡವರು ಮಕ್ಕಳೊಡನೆ ಆಡುವ ಕ್ರಮ ನಮಗೆಲ್ಲ ಗೊತ್ತಿರುವುದೇ. ಬೇಕೆಂದೇ ಸೋಲುತ್ತೇವೆ, 'ಅಬ್ಬಾ ಜಾಣೆ' ಎಂದು ಕೆನ್ನೆ ಹಿಂಡುತ್ತೇವೆ, ನಡುವೆ ಮೊಬೈಲು ನೋಡುತ್ತೇವೆ. ದೊಡ್ಡಮ್ಮನಿಗೆ ಈ ಸಭ್ಯತೆ ಒಗ್ಗಿಲ್ಲ. ಅವರು ಆಡುವುದು ಗೆಲ್ಲಲಿಕ್ಕೆ. ಗೆಲ್ಲುವ ಲಕ್ಷಣ ಕಾಣದಿದ್ದರೆ ಮೋಸ ಮಾಡುತ್ತಾರೆ. ಮೋಸ ಸಿಕ್ಕಿಬಿದ್ದರೆ ನಿಯಮವನ್ನೇ ಬದಲಾಯಿಸುತ್ತಾರೆ.

ಕುಂಟಾಟವನ್ನೇ ತೆಗೆದುಕೊಳ್ಳಿ. ನೆಲದಲ್ಲಿ ಚೌಕ ಗೀಚಿ, ಬಿಲ್ಲೆ ಎಸೆದು, ಒಂದೇ ಕಾಲಲ್ಲಿ ಕುಂಟಿಕೊಂಡು ಹೋಗಿ ಬರುವ ಆಟ. ಗಂಟುನೋವಿನ ದೊಡ್ಡಮ್ಮ ಪ್ರತಿ ಚೌಕದಲ್ಲೂ ಎರಡೂ ಕಾಲು ಊರಿ ಆರಾಮವಾಗಿ ನಡೆದುಕೊಂಡು ಹೋಗುತ್ತಾರೆ. ಪಕ್ಕದ ಮನೆಯ ಶಿಫಾ ಎಂಬ ಎಂಟು ವರ್ಷದ ಹುಡುಗಿ ಇದನ್ನು ಸಹಿಸುವವಳಲ್ಲ. ಮನೆಯಲ್ಲಿ ಬ್ಯಾರಿ, ನಮ್ಮ ಅಂಗಳದಲ್ಲಿ ತುಳು, ಜಗಳಕ್ಕೆ ನಿಂತರೆ ಶಾಲೆಯ ಕನ್ನಡ, ಹೀಗೆ ಮೂರು ಭಾಷೆಗಳ ಒಡತಿ ಅವಳು. ಒಂದು ದಿನ ಸೊಂಟಕ್ಕೆ ಕೈಯಿಟ್ಟು ಕೇಳಿದಳಂತೆ:

"ದೊಡ್ಡಮ್ಮ, ಗಂಟುನೋವು ಇದ್ದವರು ಕುಂಟಾಟಕ್ಕೆ ಯಾಕೆ ಬರುದು?"

"ಗಂಟು ಆಟಕ್ಕಿಲ್ಲ ಮಾರಾಯ್ತಿ. ಆಟಕ್ಕಿರುದು ನಾನು."

ಇಂಥ ವಾದಕ್ಕೆ ಯಾವ ವಕೀಲರು ಉತ್ತರ ಕೊಟ್ಟಾರು? ಆದರೂ ಆ ದಿನ ಗೆದ್ದದ್ದು ಶಿಫಾ. ದೊಡ್ಡಮ್ಮ ಎರಡು ದಿನ ಅವಳೊಡನೆ ಮಾತು ಬಿಟ್ಟರು. ಬೇಲಿಯ ಆಚೆಯಿಂದ ಶಿಫಾಳ ತಾಯಿ, ಏನಾಯಿತು, ನಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಗಾಬರಿಯಿಂದ ವಿಚಾರಿಸಿದರಂತೆ. ನಿಮ್ಮ ಮಗಳ ಹತ್ತಿರವೇ ಕೇಳಿ ಎಂದು ಹೇಳಿ ದೊಡ್ಡಮ್ಮ ಒಳಗೆ ಹೋದರು. ಮೂರನೆಯ ದಿನ ಹಲಸಿನ ಹಣ್ಣಿನ ಕಡುಬು ಮಾಡಿ, ಬೇಲಿಯ ಮೇಲಿಂದ ತಟ್ಟೆ ದಾಟಿಸುವಾಗಲೂ ಮುಖ ಮಾತ್ರ ಆಚೆಗೇ ತಿರುಗಿಸಿದ್ದರಂತೆ.

ಇನ್ನು ಮಣ್ಣಿನ ಅಡುಗೆಯಾಟ. ಮಕ್ಕಳು ತೆಂಗಿನ ಗೆರಟೆಯಲ್ಲಿ ಕೆಸರು ಕಲಸಿ ತಂದಿಟ್ಟರೆ ನೀವೂ ನಾನೂ 'ಆಹಾ, ರುಚಿ' ಎನ್ನುತ್ತೇವೆ. ದೊಡ್ಡಮ್ಮ ತುಟಿಯ ಹತ್ತಿರ ಹಿಡಿದು, ಮೂಸಿ, ಹುಳಿ ಜಾಸ್ತಿಯಾಗಿದೆ ಎಂದು ವಾಪಸ್ ಕಳಿಸುತ್ತಾರೆ! ಬೈಸಿಕೊಂಡ ಬಾಣಸಿಗರು ಕೋಪದಿಂದ ಹೋಗಿ ಇನ್ನೊಂದು ಹಿಡಿ ಮಣ್ಣು ಹಾಕಿ, ಹದ ಮಾಡಿ, ಮತ್ತೆ ತರುತ್ತಾರೆ. ಮೂರನೆಯ ಸಲಕ್ಕೆ ಪಾಸು. ಆಗ ಆ ಮಕ್ಕಳ ಮುಖ ನೋಡಬೇಕು. ಸುಮ್ಮನೆ ಹೊಗಳಿಸಿಕೊಂಡ ಮಕ್ಕಳ ಮುಖ ಹಾಗಿರುವುದಿಲ್ಲ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆ ಹೇಳದಿದ್ದರೆ ಅವರ ಪರಿಚಯ ಪೂರ್ತಿಯಾಗುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇವೆ ಎಂದವರು ಹತ್ತಕ್ಕೇ ಬಂದರು. ದೊಡ್ಡಮ್ಮ ನಾಪತ್ತೆ. ಅಮ್ಮ ಹಿಂದೆ ಮುಂದೆ ಓಡಿದರು, ಕೂಗಿದರು, ಉತ್ತರವಿಲ್ಲ. ಗಂಡಿನ ತಂದೆ ಕಾಲು ತೊಳೆಯಲು ಬಚ್ಚಲಿನ ಕಡೆಗೆ ಹೋದರು. ಅಲ್ಲಿ ಒಣಗಿದ ತೆಂಗಿನ ಗರಿಗಳ ರಾಶಿ. ರಾಶಿಯೊಳಗೆ ರೇಷ್ಮೆ ಸೀರೆ ಉಟ್ಟ ಒಬ್ಬ ಹೆಂಗಸು! ಆಕೆ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದರಂತೆ: "ಸದ್ದು ಮಾಡ್ಬೇಡಿ. ಅವರಿಗೆ ನಾನು ಇನ್ನೂ ಸಿಕ್ಕಲಿಲ್ಲ." ಕಣ್ಣಾಮುಚ್ಚಾಲೆಯಲ್ಲಿ ಅವರನ್ನು ಹುಡುಕಬೇಕಿದ್ದ ಆಚೆಮನೆಯ ಹುಡುಗರು, ಕಾರು ಬಂದದ್ದನ್ನು ಕಂಡು ಆಟ ಬಿಟ್ಟು ಕಾರು ನೋಡಲು ಹೋಗಿದ್ದರು. ಸಿಕ್ಕದೆ ಹೊರಗೆ ಬರುವುದು ದೊಡ್ಡಮ್ಮನ ಧರ್ಮದಲ್ಲಿಲ್ಲ. ಕೊನೆಗೆ ನನ್ನ ಭಾವೀ ಮಾವನವರೇ ಹೋಗಿ ಆ ಹುಡುಗರನ್ನು ಕರೆತಂದು, ಹುಡುಕಿಸಿ, ಆಟ ಮುಗಿಸಿಕೊಟ್ಟರು. ಹೆಣ್ಣು ನೋಡಲು ಹೋದವರಿಗೆ ಮೊದಲು ಕಂಡದ್ದು ಹೆಣ್ಣಲ್ಲ, ಹೆಣ್ಣಿನ ದೊಡ್ಡಮ್ಮ ಎಂದು ಅವರು ಇವತ್ತಿಗೂ ಹೇಳಿ ನಗುತ್ತಾರೆ. ಸಂಬಂಧ ಮಾತ್ರ ಅಲ್ಲೇ ಗಟ್ಟಿಯಾಯಿತು.

ಇಷ್ಟೆಲ್ಲ ಓದಿ, ಇಂಥ ದೊಡ್ಡಮ್ಮ ಇದ್ದ ಮನೆಯಲ್ಲಿ ನಾನು ಆಡಿ ಆಡಿ ಬೆಳೆದಿರಬೇಕು ಎಂದು ನೀವು ಅಂದುಕೊಳ್ಳುತ್ತಿದ್ದೀರಿ, ಅಲ್ಲವೇ? ಇಲ್ಲ. ನನ್ನ ಬಾಲ್ಯದಲ್ಲಿ ಅವರು ಒಂದು ದಿನವೂ ಆಡಿದ್ದು ನಾನು ಕಂಡಿಲ್ಲ. ನಾನೂ ಆಡಿದ್ದು ನೆನಪಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು, ಮಕ್ಕಳಿಲ್ಲದ, ಗಂಡನಿಲ್ಲದ ಈ ಅಕ್ಕನ ಮನೆಗೆ ಬಂದರು. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಆರನೆಯ ವಯಸ್ಸಿನಿಂದ ಅವರ ಪಕ್ಕದಲ್ಲಿ ಕುಳಿತು, ಸುರುಟಿದ ಬೀಡಿಯ ಬಾಯಿ ಮಡಚುತ್ತಿದ್ದೆ. ಹತ್ತಾಗುವಾಗ ನಾನೇ ಕಟ್ಟುತ್ತಿದ್ದೆ. ಪುಸ್ತಕ ತೊಡೆಯ ಪಕ್ಕ, ತಡ್ಪೆ ತೊಡೆಯ ಮೇಲೆ. ಮಗ್ಗಿ ಕಲಿತದ್ದು ಹಾಗೆ, ಆವರ್ತ ಕೋಷ್ಟಕ ಬಾಯಿಪಾಠ ಮಾಡಿದ್ದೂ ಹಾಗೇ. ಪುತ್ತೂರಿನ ಕಾಲೇಜಿನಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್. ನಮ್ಮ ಕುಟುಂಬದಲ್ಲಿ ಹತ್ತನೆಯ ತರಗತಿ ದಾಟಿದವರೇ ನನಗಿಂತ ಮೊದಲು ಯಾರೂ ಇರಲಿಲ್ಲ. ಇದನ್ನು ನಾನು ವಿನಯದಿಂದ ಹೇಳುವುದಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಇವತ್ತು ಸುಳ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಕೆಲಸ ಸಿಕ್ಕಿದ ಮರುವಾರದಿಂದಲೇ ದೊಡ್ಡಮ್ಮ ಅಂಗಳಕ್ಕೆ ಇಳಿದದ್ದು. ನಿಂತುಹೋಗಿದ್ದ ಏನನ್ನೋ ಮುಂದುವರಿಸುವವರ ಹಾಗೆ, ಸೆರಗು ಸಿಕ್ಕಿಸಿಕೊಂಡು.

ಮಗಳು ಧನ್ವಿ ಹುಟ್ಟಿದಾಗ ನಾನು ಮಾಡಿಕೊಂಡ ಪ್ರತಿಜ್ಞೆ ಒಂದೇ: ಇವಳ ಕೈಗೆ ಹೊಗೆಸೊಪ್ಪಿನ ವಾಸನೆ ತಾಗಬಾರದು. ಮೂರು ವರ್ಷಕ್ಕೇ ಇಂಗ್ಲಿಷ್ ಅಕ್ಷರಗಳ ಕ್ಲಾಸು, ನಾಲ್ಕಕ್ಕೆ ಅಬಾಕಸ್, ಶನಿವಾರ ಚಿತ್ರಕಲೆ, ಭಾನುವಾರ ಬುದ್ಧಿ ಬೆಳೆಸುವ ಆಟಿಕೆಗಳು. ಗೋಡೆಯಲ್ಲಿ ವೇಳಾಪಟ್ಟಿ, ಅದೂ ಬಣ್ಣ ಬಣ್ಣದ್ದು. ಫಲ ಏನಾಯಿತು? ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಹೊರಗೆ ಕಾಲಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಯುಕೆಜಿಯಲ್ಲಿ ಒಂದು ಇಡೀ ವರ್ಷ ಒಂದೇ ಒಂದು ಶಬ್ದ ಆಡಲಿಲ್ಲ. ನೀರು ಬೇಕೆಂದೂ ಕೇಳದೆ ಬಾಯಾರಿಕೊಂಡೇ ಕುಳಿತಿರುತ್ತಿದ್ದಳು. ಮಾರ್ಚ್ ಕೊನೆಗೆ ಅವಳ ಟೀಚರ್ ನನ್ನನ್ನು ಕರೆದು, ಜೂನಿನಲ್ಲಿಯೂ ಹೀಗೇ ಆದರೆ ಒಂದನೆಯ ತರಗತಿಗೆ ಹಾಕುವುದು ಕಷ್ಟ ಎಂದರು. ನೂರಾರು ಮಕ್ಕಳ ತಂದೆತಾಯಿಗಳಿಗೆ ನಾನೇ ಇಂಥ ಮಾತು ಹೇಳಿದ್ದೇನೆ. ಮೇಜಿನ ಈ ಬದಿಯಲ್ಲಿ ಕುಳಿತು ಕೇಳುವಾಗ ಹೇಗಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಮಂಗಳೂರಿನ ಡಾಕ್ಟರಮ್ಮ ಮಗುವನ್ನು ನೋಡಿ, ಕಿವಿ ಗಂಟಲು ಎಲ್ಲ ಸರಿಯಿದೆ ಎಂದರು. ಆಮೇಲೆ ಮಗು ದಿನಕ್ಕೆ ಎಷ್ಟು ಹೊತ್ತು ಆಡುತ್ತದೆ ಎಂದು ಕೇಳಿದರು. ನಾನು ಉತ್ಸಾಹದಿಂದ ವೇಳಾಪಟ್ಟಿ ಒಪ್ಪಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಇದರಲ್ಲಿ ಆಟ ಯಾವುದು ಎಂದರು. ಯಾರೂ ಏನನ್ನೂ ಕಲಿಸದ ಜಾಗದಲ್ಲಿ, ಬೇರೆ ಮಕ್ಕಳೊಡನೆ, ಒಂದಷ್ಟು ದಿನ ಬಿಡಿ; ಜಗಳವಾದರೂ ನಡುವೆ ಹೋಗಬೇಡಿ ಎಂದರು. ಅಷ್ಟು ಓದಿದ ನಾನು ಔಷಧಿಯಿಲ್ಲದ ಚೀಟಿ ಹಿಡಿದುಕೊಂಡು ಬಸ್ಸು ಹತ್ತಿದೆ.

ಅಂಥ ಜಾಗ ನನಗೆ ಗೊತ್ತಿದ್ದದ್ದು ಒಂದೇ. ಏಪ್ರಿಲಿನಲ್ಲಿ ನನಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸ, ಗಂಡನಿಗೆ ಕಡಬದಲ್ಲಿ ಆಫೀಸು, ಅಮ್ಮ ಈಗ ಇಲ್ಲ. ಧನ್ವಿಯನ್ನು ಸವಣೂರಿಗೆ ಬಿಟ್ಟು ಬಂದೆ. ದೊಡ್ಡಮ್ಮನಿಗೆ ಒಂದೇ ಷರತ್ತು ಹಾಕಿದೆ: ಮಗು ತಡ್ಪೆ ಮುಟ್ಟಬಾರದು. ಅವರು ತಲೆಯಾಡಿಸಿದರು. ಅವರ ತಲೆಯಾಡಿಸುವಿಕೆಯನ್ನು ನಂಬಿದ್ದು ನನ್ನ ತಪ್ಪು.

ಮೂರನೆಯ ಭಾನುವಾರ ಮಧ್ಯಾಹ್ನ ಹೇಳದೆ ಹೋದೆ. ಅಂಗಳದಲ್ಲಿ ಭರ್ಜರಿ ಆಟ ನಡೆಯುತ್ತಿತ್ತು. ಗಾಜಿಲ್ಲದ ಕನ್ನಡಕ ಹಾಕಿಕೊಂಡು ಶಿಫಾ ಮಣೆಯ ಮೇಲೆ ಕುಳಿತಿದ್ದಾಳೆ. ಅವಳು ಬೀಡಿ ಬ್ರಾಂಚಿನ ಚೆಕ್ಕರ್. ಬ್ರಾಂಚೆಂದರೆ ಹೆಂಗಸರಿಗೆ ಎಲೆ, ಹುಡಿ ಕೊಡುವ ಕಂಪೆನಿಯ ಕಚೇರಿ; ಅವರು ಮನೆಯಲ್ಲಿ ಕಟ್ಟಿ ತಂದ ಬೀಡಿಯನ್ನು ಅಲ್ಲಿ ಪರೀಕ್ಷಿಸಿ, ಸರಿಯಾದದ್ದನ್ನು ತೆಗೆದುಕೊಂಡು, ಕೆಟ್ಟದ್ದನ್ನು ಮುರಿದು ಎಸೆಯುವ ಅಧಿಕಾರಿ. ಎದುರಿಗೆ ಸಾಲಾಗಿ ದೊಡ್ಡಮ್ಮ ಮತ್ತು ನನ್ನ ಮಗಳು. ಮಗಳ ಮಡಿಲಲ್ಲಿ ಎಲೆ, ಕತ್ತರಿ, ನೂಲು! ಅವಳ ಬೆರಳುಗಳು ಸುರುಟುತ್ತಿದ್ದ ರೀತಿ ನೋಡಿ ನನ್ನ ಮೈ ಉರಿಯಿತು.

"ದೊಡ್ಡಮ್ಮ, ನಾನು ಎಂತ ಹೇಳಿ ಹೋಗಿದ್ದೆ?"

"ತಡ್ಪೆ ಮುಟ್ಬಾರ್ದು ಅಂತ," ಎಂದರು ದೊಡ್ಡಮ್ಮ ಶಾಂತವಾಗಿ. "ಇದು ತಡ್ಪೆಯಾ? ಹಾಳೆ."

ನಿಜ, ಮಡಿಲಲ್ಲಿದ್ದದ್ದು ಅಡಿಕೆ ಮರದಿಂದ ಉದುರಿದ ಹಾಳೆ. ಎಲೆಗಳೋ, ತೂತಾಗಿ ಬಿಸಾಡುವಂಥವು. ಒಳಗೆ ತುಂಬಿದ್ದದ್ದೂ ಹೊಗೆಸೊಪ್ಪಲ್ಲ. ಚಾ ಸೋಸಿದ ಮೇಲೆ ಉಳಿದ ಹುಡಿಯನ್ನು ಬಿಸಿಲಲ್ಲಿ ಒಣಗಿಸಿದ್ದು. ಎಲ್ಲವನ್ನೂ ದೊಡ್ಡಮ್ಮ ಕಾನೂನಿನ ಪ್ರಕಾರವೇ ಮಾಡಿದ್ದರು. ಆದರೆ ನನಗೆ ಕಾಣಿಸಿದ್ದು ಆರು ವರ್ಷದ ನಾನು. ಇದಕ್ಕೋಸ್ಕರವಾ ನಾನು ಓದಿದ್ದು, ಇದರಿಂದ ತಪ್ಪಿಸಲಿಕ್ಕಲ್ಲವಾ ಇಷ್ಟು ಕಷ್ಟಪಟ್ಟದ್ದು ಎಂದು ಬಾಯಿಗೆ ಬಂದಂತೆ ಹೇಳಿದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ದೊಡ್ಡಮ್ಮ ಚದುರಿದ ಎಲೆಗಳನ್ನು ಹೆಕ್ಕತೊಡಗಿದರು. ಧನ್ವಿ ಅಪರಿಚಿತರ ಎದುರು ಮುಚ್ಚುವ ಹಾಗೆ, ನನ್ನ ಎದುರೂ ಬಾಯಿ ಮುಚ್ಚಿಕೊಂಡಳು. ಅದು ಮೊದಲ ಸಲ. ಶಿಫಾ ಒಬ್ಬಳು ಕನ್ನಡಕ ಸರಿಪಡಿಸಿಕೊಂಡು, ಆಟ ನಡುವೆ ಮುರಿಯುವವರಿಗೆ ಫೈನ್ ಉಂಟು ಎಂದಳು.

ಮರುದಿನ ಬೆಳಿಗ್ಗೆ ಮೂವರೂ ಪೇಟೆಗೆ ಹೊರಟೆವು. ಬ್ರಾಂಚು ಬಸ್ ನಿಲ್ದಾಣದ ಹತ್ತಿರವೇ. ಬೀಡಿ ಕೊಟ್ಟು ನಮ್ಮನ್ನು ಬಸ್ಸು ಹತ್ತಿಸುತ್ತೇನೆ ಎಂದು ದೊಡ್ಡಮ್ಮ ಹೇಳಿದ್ದರು. ಬ್ರಾಂಚಿನಲ್ಲಿ ಹತ್ತಿಪ್ಪತ್ತು ಹೆಂಗಸರ ಸಾಲು. ಚೆಕ್ಕರ್ ದೊಡ್ಡಮ್ಮನ ಕಟ್ಟುಗಳನ್ನು ಬರೀ ಮುಟ್ಟಿ ಮುಟ್ಟಿ ಬದಿಗಿಡುತ್ತಿದ್ದರು. ಅಷ್ಟು ವರ್ಷದ ನಂಬಿಕೆ. ಒಂದು ಕಟ್ಟಿನ ಮೇಲೆ ಅವರ ಕೈ ನಿಂತಿತು. ಒಂದು ಬೀಡಿ ಎಳೆದು ಮುರಿದರು. ಮೂಸಿದರು. ಇನ್ನೊಂದನ್ನು ಮುರಿದರು.

"ಇದೆಂತ ಅಕ್ಕ, ಚಾಹುಡಿಯಾ?"

ಸಾಲಿನಲ್ಲಿದ್ದ ಹೆಂಗಸರು ಕತ್ತು ಚಾಚಿ ನೋಡಿದರು. ಹೊಗೆಸೊಪ್ಪು ಉಳಿಸಿಕೊಂಡು ಬೇರೇನೋ ತುಂಬುವುದೆಂದರೆ ಬೀಡಿ ಕಟ್ಟುವವರಲ್ಲಿ ಕಳ್ಳತನಕ್ಕಿಂತ ದೊಡ್ಡ ಅವಮಾನ. ಇಷ್ಟು ವರ್ಷದಲ್ಲಿ ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ, ಇನ್ನು ನಿಮಗೆ ಎಲೆ ಕೊಡುವುದು ಹೇಗೆ ಎಂದು ಚೆಕ್ಕರ್ ತಗ್ಗಿದ ದನಿಯಲ್ಲಿ ಹೇಳಿದರು. ಮಕ್ಕಳ ನೂರು ಆರೋಪಗಳಿಗೆ ನೂರಾ ಒಂದು ಉತ್ತರ ಇದ್ದ ನನ್ನ ದೊಡ್ಡಮ್ಮನಿಗೆ ಅವತ್ತು ಒಂದೂ ಹೊಳೆಯಲಿಲ್ಲ. ಚೀಲದ ಹಿಡಿಯನ್ನು ತಿರುಚುತ್ತಾ ನಿಂತರು. ನನಗೂ ನಾಲಿಗೆ ಏಳಲಿಲ್ಲ. ಟೀಚರ್ ನಾನು, ದಿನಕ್ಕೆ ಆರು ಗಂಟೆ ಮಾತಾಡುವವಳು!

ನನ್ನ ಕೈಯೊಳಗಿದ್ದ ಪುಟ್ಟ ಕೈ ಬಿಡಿಸಿಕೊಂಡಿತು.

"ಅದು ನಾನು ಕಟ್ಟಿದ್ದು."

ಯಾರು ಮಾತಾಡಿದ್ದೆಂದು ಚೆಕ್ಕರಿಗೆ ಮೊದಲು ತಿಳಿಯಲಿಲ್ಲ. ಮೇಜಿನ ಮೇಲಿಂದ ಬಗ್ಗಿ ನೋಡಿದರು.

"ಅದು ಆಟದ್ದು," ಎಂದಳು ಧನ್ವಿ ಇನ್ನೂ ಜೋರಾಗಿ. "ನೀವು ಯಾಕೆ ಮುರಿದದ್ದು? ಶಿಫಾ ಪಾಸ್ ಮಾಡಿ ಆಗಿತ್ತು."

"ಯಾರು ಶಿಫಾ?"

"ನಮ್ಮ ಚೆಕ್ಕರ್."

"ಓ. ಮತ್ತೆ ಚಾಹುಡಿ ಯಾಕೆ ಮಗಾ?"

"ಹೊಗೆಸೊಪ್ಪು ಮುಟ್ಟಿದ್ರೆ ಅಮ್ಮ ಬೈತಾರೆ." ನನ್ನ ಕಡೆಗೆ ಬೆರಳು ಬೇರೆ ತೋರಿಸಿದಳು. "ಆಟದ್ದಕ್ಕೂ ಬೈದ್ರು."

ಸಾಲಿನಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಚೆಕ್ಕರ್ ಆ ಕಟ್ಟನ್ನು ಬಿಚ್ಚಿ ಒಂದೊಂದೇ ಬೀಡಿಯನ್ನು ತಿರುಗಿಸಿ ನೋಡಿದರು. ತಾನು ಮೋಸಹೋಗುವುದಿತ್ತು, ಕೈಗೆ ಹಗುರ ಅನ್ನಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಎಂದರು. ಆಮೇಲೆ ಮುರಿದ ಎರಡಕ್ಕೆ ಧನ್ವಿಯ ಹತ್ತಿರ ಕ್ಷಮೆ ಕೇಳಿ, ಉಳಿದದ್ದನ್ನು ಪೇಪರಿನಲ್ಲಿ ಕಟ್ಟಿ ಅವಳ ಕೈಗೇ ಕೊಟ್ಟರು. ದೊಡ್ಡಮ್ಮನಿಗೆ ಎಂದಿನಂತೆ ಎಲೆ ಸಿಕ್ಕಿತು.

ಹೊರಗೆ ಬಂದ ಮೇಲೆ, ಆಟದ ಕಟ್ಟು ನಿಜವಾದ ಚೀಲಕ್ಕೆ ಹೋದದ್ದು ಹೇಗೆ ಎಂದು ದೊಡ್ಡಮ್ಮನನ್ನು ಕೇಳಿದೆ. ನನಗೇ ಬುದ್ಧಿಯಿಲ್ಲವೇನೋ ಎಂಬಂತೆ ನೋಡಿದರು.

"ಪಾಸಾದ ಕಟ್ಟನ್ನು ಹೊರಗೆ ಇಡ್ಲಿಕ್ಕೆ ಆಗ್ತದಾ?"

ನಮ್ಮ ಬಸ್ಸು ಬಂತು. ನಿಂತಿತು. ಹೋಯಿತು. ನಾನು ಹತ್ತಲಿಲ್ಲ. ಮೂವರೂ ಮನೆಯ ದಾರಿ ಹಿಡಿದೆವು. ಧನ್ವಿ ಮುಂದೆ ಮುಂದೆ ಓಡುತ್ತಾ ಮೀನಿನ ಸ್ಕೂಟರಿನವರಿಗೆ, ಅಂಗಡಿ ಬಾಗಿಲು ತೆರೆಯುತ್ತಿದ್ದವರಿಗೆ, ಕಟ್ಟಿಹಾಕಿದ ಆಡಿಗೆ, ಎಲ್ಲರಿಗೂ ಬ್ರಾಂಚಿನ ಕಥೆ ಹೇಳುತ್ತಿದ್ದಳು. ಒಂದು ವರ್ಷದ ಬಾಕಿ ಮಾತು! ನಾನು ಹಿಂದಿನಿಂದ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಡೆಯುತ್ತಿದ್ದೆ. ಧೂಳು ಎಂದು ಹೇಳಿಕೊಳ್ಳಲು ದಾರಿಗೆ ಡಾಮರು ಬೇರೆ ಹಾಕಿಬಿಟ್ಟಿದ್ದಾರೆ.

ಮನೆಗೆ ತಿರುಗುವಲ್ಲಿ ದೊಡ್ಡಮ್ಮ ನಿಂತರು. ಗಂಟುನೋವೇನೋ ಎಂದು ನಾನೂ ನಿಂತೆ.

"ನಿನ್ನ ಮೊದಲ್ನೆ ಬೀಡಿಯೂ ಆಟದ್ದೇ," ಎಂದರು ರಸ್ತೆಯನ್ನೇ ನೋಡುತ್ತಾ. "ನಿನಗೆ ನೆನಪಿಲ್ಲ. ಮಾವಿನ ಎಲೆಯಲ್ಲಿ ಮಣ್ಣು ತುಂಬಿ ಕಟ್ಟಿ ತಂದಿದ್ದಿ. ಪಾಸ್ ಮಾಡಿ ದೊಡ್ಡಮ್ಮ, ಅಂತ. ಎಷ್ಟು ಚೆಂದ ಇತ್ತು ಅಂದ್ರೆ... ಮಾರನೇ ದಿನವೇ ನಿನ್ನನ್ನು ಕೆಲಸಕ್ಕೆ ಕೂರಿಸಿದೆ."

ಕೂರಿಸದಿದ್ದರೆ ನಾನು ಓದುತ್ತಿರಲಿಲ್ಲ, ಆ ಬೀಡಿಯಿಂದಲೇ ನನ್ನ ಬಿ.ಎಸ್ಸಿ. ಆದದ್ದು ಎಂದು ನಾನು ಹೇಳಿದೆ. ಅದು ಸತ್ಯವೂ ಹೌದು. ಅವರು ಹೌದೆಂಬಂತೆ ತಲೆಯಾಡಿಸಿದರು. "ಆದ್ರೂ ಅದನ್ನು ಪಾಸ್ ಮಾಡ್ಬೇಕಿತ್ತು," ಎಂದರು. ಆಮೇಲೆ ಮುಂದೆ ನಡೆದರು.

ನಾವು ಅಂಗಳಕ್ಕೆ ಬರುವಾಗ ಧನ್ವಿ ಐದು ಸಣ್ಣ ಕಲ್ಲುಗಳನ್ನು ಆರಿಸಿ ತಂದು ಜಗಲಿಯಲ್ಲಿ ಕಾಯುತ್ತಿದ್ದಳು. ಅಮ್ಮ, ನೀನೂ ಕೂತ್ಕೊ ಎಂದಳು. ನಾನು ವ್ಯಾನಿಟಿ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನೆಲದಲ್ಲಿ ಕುಳಿತೆ. ಕಲ್ಲು ಹಿಡಿಯುವುದು ಹೇಗೆಂದು ತಿಳಿಯದೆ ಕೈ ಸುಮ್ಮನೆ ಚಾಚಿದೆ. ದೊಡ್ಡಮ್ಮ ನನ್ನ ಪಕ್ಕ, ಬಹಳ ಹತ್ತಿರ, ಮೆಲ್ಲನೆ ಮೊಣಕಾಲು ಮಡಚಿ ಕುಳಿತರು.

"ಅವಳಿಗೆ ಗೊತ್ತಿಲ್ಲ ಮಗಾ," ಎಂದರು ಧನ್ವಿಗೆ. "ಮೆಲ್ಲ ಹೇಳಿಕೊಡು."

ಧನ್ವಿ ಹೇಳಿಕೊಟ್ಟಳು. ಒಂದು ಕಲ್ಲು ಮೇಲಕ್ಕೆ ಎಸೆಯಬೇಕು, ಅದು ಕೆಳಗೆ ಬರುವುದರೊಳಗೆ ನೆಲದ್ದನ್ನು ಬಾಚಬೇಕು, ಪಕ್ಕದ ಕಲ್ಲು ಅಲುಗಿದರೆ ಔಟು. ಗೇಟಿನಾಚೆಗೂ ಕೇಳುವಷ್ಟು ಗಟ್ಟಿಯಾಗಿ, ಕೈ ತಿರುಗಿಸಿ ತಿರುಗಿಸಿ, ಒಂದನ್ನೂ ಬಿಡದೆ ಹೇಳಿದಳು. ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು.

ಇನ್ನೊಮ್ಮೆ ಹೇಳು ಎಂದೆ.